ಗಟ್ಟಿ ಕೈಯ ಹಂಬಲ

ವಿದ್ಯಾವಂತರು ನಾಲ್ವರು ಕಲೆತು ದೇಶದ ಸ್ಥಿತಿಗತಿಗಳನ್ನು ಕುರಿತು ಮಾತನಾಡುವಲ್ಲೆಲ್ಲ ಒಂದು ಅಭಿಪ್ರಾಯವು ಅಡಿಗಡಿಗೆ ಕೇಳಬರುತ್ತದೆ. ಈ ದೇಶಕ್ಕೆ ಚುನಾವಣೆ, ಚರ್ಚೆ, ಕೋರ್ಟು, ಕಚೇರಿ ಇವೆಲ್ಲ ಒಗ್ಗತಕ್ಕವಲ್ಲ. ಗಟ್ಟಿ ಕೈಯ ಒಬ್ಬ ಪ್ರಭುವು ಹತ್ತು ವರ್ಷ ಆಳಿದರೆ ಎಲ್ಲವೂ ಸರಿಹೋದೀತು ಎಂಬುದೇ ಆ ಅಭಿಪ್ರಾಯ. ಹೀಗೆ ನುಡಿಯತಕ್ಕವರು ದುಷ್ಟರಲ್ಲ. ತೆರಿಗೆಯನ್ನು ಸಕಾಲದಲ್ಲಿ ಸಲ್ಲಿಸುವವರು, ಮಕ್ಕಳನ್ನು ಶ್ರದ್ಧೆಯಿಂದ ಓದಿಸುವವರು, ಕಚೇರಿಯ ಬಾಗಿಲಲ್ಲಿ ಕಾದು ಕಾದು ಲಂಚಗುಳಿತನವನ್ನು ಕಂಡು ಬೇಸತ್ತವರು. ಅವರ ಬೇಸರವು ನ್ಯಾಯವಾದದ್ದೇ. ಅವರು ಸೂಚಿಸುವ ಮದ್ದು ಮಾತ್ರ ರೋಗಕ್ಕಿಂತ ಕೆಟ್ಟದ್ದು. ಈ ಹಂಬಲವೇ ಪ್ರಜಾಪ್ರಭುತ್ವಕ್ಕೆ ಒದಗುವ ಅಪಾಯಗಳಲ್ಲಿ ಮೊದಲನೆಯದೆಂದು ನಾವು ತಿಳಿಯುತ್ತೇವೆ. ಏಕೆಂದರೆ, ನಿರಂಕುಶ ಪ್ರಭುವು ಬರುವುದಕ್ಕೆ ಬಹುಕಾಲ ಮುಂಚೆಯೇ ಅವನಿಗಾಗಿ ಮಣೆ ಹಾಕಿ ಕಾದಿರತಕ್ಕವರು ಇವರೇ.

ಈ ಅಭಿಪ್ರಾಯಕ್ಕೆ ನಮ್ಮ ನಾಡಿನಲ್ಲಿ ವಿಶೇಷವಾದ ಒಂದು ಆಧಾರವನ್ನು ತೋರಿಸುವುದುಂಟು. ಹಳೆಯ ಮೈಸೂರು ಸಂಸ್ಥಾನದಲ್ಲಿ ಕೆರೆಕಟ್ಟೆಗಳೂ ಶಾಲೆಗಳೂ ಕೈಗಾರಿಕೆಗಳೂ ಅರಸರ ಆಳಿಕೆಯಲ್ಲಿಯೇ ಬೆಳೆದವಲ್ಲವೆ? ನಾಲ್ವಡಿ ಕೃಷ್ಣರಾಜ ಒಡೆಯರಂಥ ಪ್ರಭುವೂ ವಿಶ್ವೇಶ್ವರಯ್ಯನವರಂಥ ದಿವಾನರೂ ದೊರೆತರೆ ಮತಪೆಟ್ಟಿಗೆಯ ಹಂಗೇಕೆ? ಎಂದು ಕೇಳುತ್ತಾರೆ. ಆ ಮಹನೀಯರ ಸೇವೆಯನ್ನು ಅಲ್ಲಗಳೆಯುವ ಕೃತಘ್ನತೆ ನಮಗೆ ಬೇಡ. ಆದರೆ ಮೂರು ಸಂಗತಿಗಳನ್ನು ಮರೆಯಲಾಗದು. ಆ ಸಂಸ್ಥಾನಕ್ಕೆ ಕೀರ್ತಿ ತಂದ ವಿಷಯಗಳಲ್ಲಿ ೧೮೮೧ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯೂ ೧೯೦೭ರಲ್ಲಿ ಸ್ಥಾಪಿತವಾದ ನ್ಯಾಯವಿಧಾಯಕ ಸಭೆಯೂ ಸೇರಿವೆ. ಎಂದರೆ, ಒಳ್ಳೆಯ ಅರಸರು ಸಹ ಪ್ರಜೆಗಳ ಮಾತನ್ನು ಕೇಳುವ ಏರ್ಪಾಡಿಲ್ಲದೆ ಆಳಲು ಹಿಂಜರಿದರು. ಎರಡನೆಯದಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು ೧೯೧೨ರಿಂದ ೧೯೧೮ರ ವರೆಗೆ, ಆರು ವರ್ಷ ಮಾತ್ರ. ಅವರನ್ನು ಆರಿಸುವ ಅಧಿಕಾರವೂ ಉಳಿಸಿಕೊಳ್ಳುವ ಅಧಿಕಾರವೂ ಪ್ರಜೆಗಳಿಗಿರಲಿಲ್ಲ. ಮೂರನೆಯದಾಗಿ, ಆ ಸತ್ಪ್ರಭುವಿನ ಕಾಲದಲ್ಲಿಯೇ, ೧೯೩೮ರ ಏಪ್ರಿಲ್ ೨೫ರಂದು, ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಜವಾಬ್ದಾರಿ ಸರ್ಕಾರ ಬೇಕೆಂದು ೧೯೪೭ರಲ್ಲಿ ಮೈಸೂರು ಚಲೋ ಚಳವಳಿಯನ್ನು ಹೂಡಿ ಸೆರೆಮನೆ ಸೇರಿದವರು ನಮ್ಮ ಹಿರಿಯರೇ. ಅರಸೊತ್ತಿಗೆಯ ಒಳ್ಳೆಯತನವನ್ನು ಕಣ್ಣಾರೆ ಕಂಡವರೇ ಅದು ಸಾಲದೆಂದು ತೀರ್ಮಾನಿಸಿದ ಮೇಲೆ, ಅದನ್ನು ಕಾಣದ ನಾವು ಅದಕ್ಕಾಗಿ ಹಲುಬುವುದು ಸೋಜಿಗವಲ್ಲವೆ?

ಇನ್ನು ಗಟ್ಟಿ ಕೈಯ ಪ್ರಯೋಗವೊಂದು ಸ್ವತಂತ್ರ ಭಾರತದಲ್ಲಿಯೇ ನಡೆದುಹೋಗಿದೆ. ೧೯೭೫ರ ಜೂನ್ ೧೨ರಂದು ಅಲಹಾಬಾದಿನ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುವೆಂದು ತೀರ್ಪಿತ್ತಿತು. ಜೂನ್ ೨೫ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿಮಾಡಿದರು. ಮಂತ್ರಿಮಂಡಲಕ್ಕೆ ಸಂಗತಿ ತಿಳಿದದ್ದು ಮರುದಿನ ಬೆಳಗ್ಗೆ. ಅಂದಿನಿಂದ ೧೯೭೭ರ ಮಾರ್ಚ್ ೨೧ರ ವರೆಗೆ, ಸುಮಾರು ಇಪ್ಪತ್ತೊಂದು ತಿಂಗಳು, ಆ ಆಳಿಕೆ ನಡೆಯಿತು. ಆಗ ರೈಲುಗಳು ಹೊತ್ತಿಗೆ ಸರಿಯಾಗಿ ಬಂದವು, ಗುಮಾಸ್ತರು ಹೊತ್ತಿಗೆ ಸರಿಯಾಗಿ ಕುಳಿತರು ಎಂದು ಇಂದಿಗೂ ಹೊಗಳುವವರುಂಟು. ಒಪ್ಪೋಣ. ಆ ರೈಲುಗಳಿಗೆ ತೆತ್ತ ಬೆಲೆಯ ಲೆಕ್ಕವನ್ನೂ ನೋಡಬೇಡವೆ? ಮೀಸಾ ಎಂದು ಹೆಸರಾದ ಆಂತರಿಕ ಭದ್ರತೆಯ ಕಾಯಿದೆಯಂತೆ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವರು ೩೪,೯೮೮ ಮಂದಿ. ದೇಶರಕ್ಷಣೆಯ ನಿಯಮಗಳಂತೆ ಹಿಡಿದವರು ೭೫,೮೧೮ ಮಂದಿ. ಇವು ಮುಂದೆ ೧೯೭೭ರಲ್ಲಿ ನೇಮಕವಾದ ಷಾ ಆಯೋಗವು ಕೊಟ್ಟ ಅಂಕಿಗಳು.

ವಾಚಕ ಮಹಾಶಯರು ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. ಘೋಷಣೆಯೆಂಬುದು ಒಂದು ಹಾಳೆ ಕಾಗದ. ಅದು ತಾನಾಗಿ ಯಾರ ಮನೆಯ ಬಾಗಿಲನ್ನೂ ತಟ್ಟಲಾರದು. ಅದಕ್ಕೆ ಕೈಕಾಲು ಕೊಟ್ಟವರು ಯಾರು? ಆ ರಾತ್ರಿ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿದ್ದ ಪತ್ರಿಕೆಗಳ ಅಚ್ಚಿನ ಮನೆಗಳಿಗೆ ವಿದ್ಯುತ್ತನ್ನು ನಿಲ್ಲಿಸಲಾಯಿತು. ಆ ಅಪ್ಪಣೆಯನ್ನು ಮೇಲಿನವರು ಕೊಟ್ಟರೂ ಗುಂಡಿಯನ್ನು ಒತ್ತಿದ ಬೆರಳು ಸಂಬಳದ ಒಬ್ಬ ನೌಕರನದು. ಕಾರಣಗಳನ್ನು ಪರಿಶೀಲಿಸದೆಯೇ ಬಂಧನದ ಆಜ್ಞೆಗಳಿಗೆ ಸಹಿಮಾಡಿದ ಅಧಿಕಾರಿಗಳಿದ್ದರು. ಸುದ್ದಿಯ ಕರಡನ್ನು ತಾವೇ ಒಯ್ದು ಪರಿಶೋಧಕರ ಮುಂದಿಟ್ಟು, ಅವರು ಹೊಡೆದುಹಾಕುವುದಕ್ಕೆ ಮೊದಲೇ ತಾವೇ ಹೊಡೆದುಹಾಕಿದ ಪತ್ರಿಕಾಕರ್ತರಿದ್ದರು. ಇವರಲ್ಲಿ ಹೆಚ್ಚಿನವರು ಕ್ರೂರಿಗಳಲ್ಲ. ಮನೆಯಲ್ಲಿ ಒಳ್ಳೆಯ ತಂದೆಯರು, ಬೀದಿಯಲ್ಲಿ ಒಳ್ಳೆಯ ನೆರೆಯವರು. ನನ್ನದೇನಿದೆ, ಮೇಲಿನ ಅಪ್ಪಣೆ ಎಂಬ ಒಂದು ವಾಕ್ಯದಿಂದ ಅವರು ತಮ್ಮ ಅಂತಃಕರಣವನ್ನು ಸಮಾಧಾನಪಡಿಸಿಕೊಂಡರು. ಆ ಒಂದು ವಾಕ್ಯದ ಮೇಲೆಯೇ ನಿರಂಕುಶ ಪ್ರಭುತ್ವದ ಸಿಂಹಾಸನವು ನಿಂತಿರುತ್ತದೆ.

ಕಾಯಿದೆಯೇ ನಮ್ಮನ್ನು ಕಾಯುತ್ತದೆಂದು ನಂಬಿ ನಿಶ್ಚಿಂತರಾಗಿರುವವರಿಗೂ ಆ ಕಾಲದಲ್ಲಿ ಪಾಠವಿದೆ. ಸೆರೆಯಲ್ಲಿದ್ದವರ ಅಹವಾಲನ್ನು ಕೇಳುವ ಅಧಿಕಾರವು ನ್ಯಾಯಸ್ಥಾನಗಳಿಗೆ ಉಂಟೆಂದು ಒಂಬತ್ತು ಹೈಕೋರ್ಟುಗಳು ಹೇಳಿದವು. ಸರ್ವೋಚ್ಚ ನ್ಯಾಯಸ್ಥಾನದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ೧೯೭೬ರ ಏಪ್ರಿಲ್ ೨೮ರಂದು ಅದನ್ನು ತಳ್ಳಿಹಾಕಿದರು. ಭಿನ್ನಮತವನ್ನು ಬರೆದವರು ಹೆಚ್. ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿಯ ಪದವಿಯು ಹಿರಿತನದಂತೆ ಅವರಿಗೆ ಸಲ್ಲಬೇಕಾಗಿದ್ದಾಗ, ೧೯೭೭ರ ಜನವರಿಯಲ್ಲಿ, ಅದು ಕಿರಿಯರೊಬ್ಬರಿಗೆ ಹೋಯಿತು. ಖನ್ನಾ ಅವರು ರಾಜೀನಾಮೆಯಿತ್ತು ಹೊರಬಂದರು. ಆ ನಾಲ್ವರ ತೀರ್ಪನ್ನು ಅದೇ ನ್ಯಾಯಸ್ಥಾನವು ೨೦೧೭ರಲ್ಲಿ ತಪ್ಪೆಂದು ರದ್ದುಮಾಡಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆದರೆ ನಡುವೆ ನಾಲ್ವತ್ತೊಂದು ವರ್ಷಗಳು ಕಳೆದಿದ್ದವು. ನ್ಯಾಯವು ಕೊನೆಗೂ ಗೆದ್ದಿತೆಂದು ಹಿಗ್ಗುವ ಮುನ್ನ, ೧೯೭೬ರಲ್ಲಿ ಕಂಬಿಯ ಹಿಂದಿದ್ದವನಿಗೆ ಅದರಿಂದ ಏನು ಬಂತೆಂದು ಕೇಳಿಕೊಳ್ಳಬೇಕು.

ಗಟ್ಟಿ ಕೈಯವನು ಒಳ್ಳೆಯ ಉದ್ದೇಶದವನಾಗಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ. ಜನಸಂಖ್ಯೆಯನ್ನು ಮಿತಗೊಳಿಸಬೇಕೆಂಬುದು ಆ ಕಾಲದಲ್ಲಿ ಬಹುಮಂದಿ ಒಪ್ಪಿದ ಉದ್ದೇಶವೇ. ೧೯೭೬-೭೭ರ ಒಂದೇ ವರ್ಷದಲ್ಲಿ ಎಂಬತ್ತು ಲಕ್ಷಕ್ಕೂ ಮೀರಿದ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಉತ್ತರದ ಕೆಲವು ಪ್ರಾಂತಗಳಲ್ಲಿ, ಇಷ್ಟು ಮಂದಿಯನ್ನು ಕರೆತರದಿದ್ದರೆ ಸಂಬಳವಿಲ್ಲವೆಂದು ಶಾಲೆಯ ಉಪಾಧ್ಯಾಯರನ್ನೇ ಬೆದರಿಸಲಾಯಿತು. ಬಡವನೊಬ್ಬನನ್ನು ಬಲಾತ್ಕಾರದಿಂದ ಎಳೆದೊಯ್ದರೆ ಅದನ್ನು ಅಚ್ಚುಹಾಕುವ ಪತ್ರಿಕೆಯಿಲ್ಲ, ಪ್ರಶ್ನಿಸುವ ಸಭೆಯಿಲ್ಲ, ಕೇಳುವ ಕೋರ್ಟಿಲ್ಲ. ಬಾಯಿಯನ್ನು ಕಟ್ಟಿದ ಪ್ರಭುವು ತನ್ನ ಕಿವಿಯನ್ನೂ ಕಟ್ಟಿಕೊಂಡಿರುತ್ತಾನೆ. ಅವನ ಉದ್ದೇಶವು ಎಷ್ಟು ಒಳ್ಳೆಯದಾದರೂ, ಅದು ಎಲ್ಲಿ ಕೆಟ್ಟಿತೆಂದು ಅವನಿಗೆ ಹೇಳತಕ್ಕವರೇ ಇರುವುದಿಲ್ಲ. ಮೊದಲು ತುಳಿತಕ್ಕೆ ಸಿಕ್ಕುವವನು, ಗಟ್ಟಿ ಕೈ ಬೇಕೆಂದು ನಡುಮನೆಯಲ್ಲಿ ಕುಳಿತು ಹೇಳಿದವನಲ್ಲ. ಆ ಮಾತನ್ನು ಎಂದೂ ಆಡದ ಕೂಲಿಯವನು.

ಇದೆಲ್ಲ ನಿಜ, ಆದರೆ ಒಬ್ಬನಿಂದ ಏನಾದೀತು? ಎಂದು ಕೇಳುವವರಿದ್ದಾರೆ. ಶಿವರಾಮ ಕಾರಂತರು ತಮಗೆ ದೊರೆತಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಹಿಂದಿರುಗಿಸಿದರು. 'ಸಂಸ್ಕಾರ' ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಉಬ್ಬಸದ ರೋಗಿಯಾಗಿದ್ದರೂ ಬೆಂಗಳೂರಿನ ಸೆರೆಮನೆಯಲ್ಲಿ ಸುಮಾರು ಎಂಟು ತಿಂಗಳನ್ನು ಕಳೆದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಇವರು ಅಸಾಮಾನ್ಯರು, ನಾವು ಸಾಮಾನ್ಯರು ಎನ್ನಬಹುದು. ಹಾಗಾದರೆ ಕೇವಲ ಸಾಮಾನ್ಯರ ಉದಾಹರಣೆಯೊಂದನ್ನು ದೂರದೇಶದಿಂದ ತೆಗೆದುಕೊಳ್ಳೋಣ.

ನಾರ್ವೆ ದೇಶವನ್ನು ಜರ್ಮನರು ೧೯೪೦ರ ಏಪ್ರಿಲಿನಲ್ಲಿ ಆಕ್ರಮಿಸಿದರು. ಅವರ ಆಶ್ರಯದಲ್ಲಿ ಅಧಿಕಾರಕ್ಕೆ ಬಂದ ಕ್ವಿಸ್ಲಿಂಗನು ೧೯೪೨ರ ಫೆಬ್ರವರಿಯಲ್ಲಿ, ಉಪಾಧ್ಯಾಯರೆಲ್ಲರೂ ತನ್ನ ಪಕ್ಷದ ಹಿಡಿತದಲ್ಲಿರುವ ಹೊಸ ಸಂಘವೊಂದಕ್ಕೆ ಸೇರಬೇಕೆಂದೂ, ಮಕ್ಕಳೆಲ್ಲರೂ ಪಕ್ಷದ ತರುಣದಳಕ್ಕೆ ಸೇರಬೇಕೆಂದೂ ವಿಧಿಸಿದನು. ಉಪಾಧ್ಯಾಯರ ಬಳಿ ಕೋವಿಯಿರಲಿಲ್ಲ. ಅವರು ಒಂದು ಕಾಗದವನ್ನು ಬರೆದರು. ಒಕ್ಕಣೆ ಎಲ್ಲರದೂ ಒಂದೇ. ಸಹಿ ಮಾತ್ರ ಒಬ್ಬೊಬ್ಬರದೂ ಬೇರೆ. ಇಂಥ ಶಿಕ್ಷಣದಲ್ಲಿ ತಾನು ಪಾಲುಗೊಳ್ಳಲಾರೆ, ಆ ಸಂಘದ ಸದಸ್ಯನಾಗಲಾರೆ ಎಂಬುದು ಅದರ ತಾತ್ಪರ್ಯ. ಸುಮಾರು ಹನ್ನೆರಡು ಸಾವಿರ ಉಪಾಧ್ಯಾಯರಲ್ಲಿ ಬಹುಸಂಖ್ಯಾತರು ಹೀಗೆ ಬರೆದರು. ಸರ್ಕಾರವು ಶಾಲೆಗಳನ್ನು ಮುಚ್ಚಿತು. ತಾಯಿತಂದೆಯರು ಸಾವಿರಗಟ್ಟಲೆ ಪ್ರತಿಭಟನೆಯ ಕಾಗದಗಳನ್ನು ಬರೆದರು. ಸುಮಾರು ಸಾವಿರದ ನೂರು ಮಂದಿ ಉಪಾಧ್ಯಾಯರು ಸೆರೆಯಾದರು. ಅವರಲ್ಲಿ ನೂರಾರು ಮಂದಿಯನ್ನು ಹಡಗಿನಲ್ಲಿ ತುಂಬಿ ಬಡಗಣ ತುದಿಯ ಕಿರ್ಕೆನೆಸ್ ಎಂಬಲ್ಲಿಗೆ ಕಠಿಣ ದುಡಿಮೆಗೆಂದು ಒಯ್ದರು. ಬಹುಪಾಲು ಮಂದಿ ಮಣಿಯಲಿಲ್ಲ. ಆ ವರ್ಷದ ಕೊನೆಯೊಳಗೆ ಅವರನ್ನು ಮನೆಗೆ ಕಳುಹಿಸಬೇಕಾಯಿತು. ಕ್ವಿಸ್ಲಿಂಗನ ಸಂಘದ ಯೋಜನೆ ಕೈಗೂಡಲೇ ಇಲ್ಲ. ಜರ್ಮನ್ ಸೇನೆಯನ್ನು ಓಡಿಸಿದ್ದು ಈ ಕಾಗದಗಳಲ್ಲ. ಅದಕ್ಕೆ ೧೯೪೫ರ ವರೆಗೆ ಕಾಯಬೇಕಾಯಿತು. ಆದರೆ ಶಾಲೆಯ ಕೊಠಡಿಯನ್ನು ಆ ಕಾಗದಗಳು ಉಳಿಸಿದವು.

ಈ ಕಥೆಯಿಂದ ಕಲಿಯತಕ್ಕದ್ದು ಎರಡು. ತಾನು ಕುಳಿತ ಮೇಜಿನಿಂದಲೇ, ತನ್ನ ಕೆಲಸದ ಧರ್ಮವನ್ನು ಮುಂದಿಟ್ಟುಕೊಂಡೇ ಪ್ರತಿಯೊಬ್ಬನೂ ಇಲ್ಲವೆಂದು ಹೇಳಬಲ್ಲನೆಂಬುದು ಒಂದು. ಹಾಗೆ ಹೇಳುವ ಬಲವು ಆ ದಿನವೇ ಹುಟ್ಟುವುದಿಲ್ಲವೆಂಬುದು ಇನ್ನೊಂದು. ಆ ಉಪಾಧ್ಯಾಯರಿಗೆ ಮೊದಲಿನಿಂದಲೂ ತಮ್ಮವೇ ಆದ ಸಂಘಗಳಿದ್ದವು. ಒಬ್ಬರನ್ನೊಬ್ಬರು ಬಲ್ಲವರಾಗಿ, ಒಬ್ಬರ ಮಾತಿನಲ್ಲಿ ಒಬ್ಬರು ವಿಶ್ವಾಸವಿಟ್ಟವರಾಗಿದ್ದರು. ಮಳೆ ಬಂದ ಮೇಲೆ ಮಾಡು ಕಟ್ಟಲು ಹೊರಟವನು ನೆನೆಯದೆ ಇರಲಾರನು.

ತುರ್ತು ಪರಿಸ್ಥಿತಿಯ ಅನುಭವದಿಂದ ರಾಜ್ಯಾಂಗಕ್ಕೆ ೧೯೭೮ರಲ್ಲಿ ನಲವತ್ತನಾಲ್ಕನೆಯ ತಿದ್ದುಪಡಿ ಬಂದಿತು. ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ಘೋಷಣೆ ಹೊರಡಿಸುವಂತಿಲ್ಲ. ಒಳಗಿನ ಕ್ಷೋಭೆಯೆಂಬ ಸಡಿಲ ನೆವ ಸಾಲದು, ಸಶಸ್ತ್ರ ಬಂಡಾಯವೇ ಇರಬೇಕು. ಜೀವದ ಹಕ್ಕನ್ನು ಜಾರಿಗೊಳಿಸುವ ದಾರಿಯನ್ನು ಆಗಲೂ ಮುಚ್ಚುವಂತಿಲ್ಲ. ಇವು ಒಳ್ಳೆಯ ಬೇಲಿಗಳು. ಆದರೆ ಬೇಲಿಯೇ ಹೊಲವನ್ನು ಕಾಯುವುದಿಲ್ಲ, ಕಾವಲುಗಾರನು ಎಚ್ಚರವಿರಬೇಕು. ಈ ವಿಷಯದಲ್ಲಿ ಕನ್ನಡಿಗರು ಬೀಗುವಂತಿಲ್ಲ. ೧೯೭೭ರ ಚುನಾವಣೆಯಲ್ಲಿ ಉತ್ತರದ ಬಡ ಮತದಾರರು ಆ ಆಳಿಕೆಯನ್ನು ಕಿತ್ತೊಗೆದಾಗ, ಕರ್ನಾಟಕವು ತನ್ನ ೨೮ ಸ್ಥಾನಗಳಲ್ಲಿ ೨೬ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಇದಕ್ಕೆ ಕಾರಣಗಳು ಹಲವಿರಬಹುದು. ಪಕ್ಕದ ಮನೆಯ ನೋವು ನಮಗೆ ತಟ್ಟದಿದ್ದಾಗ ಅದು ನೋವೇ ಅಲ್ಲವೆಂದು ತಿಳಿಯುವ ಸ್ವಭಾವವೂ ಅವುಗಳಲ್ಲಿ ಒಂದೆಂದು ನಮ್ಮ ಅಭಿಮತ.

ಹಾಗಾದರೆ ಮಾಡತಕ್ಕದ್ದೇನು? ಅಧಿಕಾರದಲ್ಲಿರುವವನು ಬಾಯಿಮಾತಿನ ಅಪ್ಪಣೆಗೆ ಸಹಿಮಾಡದೆ, ಬರಹದಲ್ಲಿ ಕೊಡಿರೆಂದು ವಿನಯದಿಂದ ಕೇಳಲಿ. ಬರಹದಲ್ಲಿ ಕೊಡಲು ಅಂಜುವ ಅಪ್ಪಣೆಯು ಬಹುಮಟ್ಟಿಗೆ ನಡೆಸಬಾರದ ಅಪ್ಪಣೆಯೇ ಆಗಿರುತ್ತದೆ. ಪ್ರಜೆಯಾದವನು ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯನ್ನು ತನ್ನ ಬೀದಿಯ ಚರಂಡಿಯ ಲೆಕ್ಕಕ್ಕಾದರೂ ಬಳಸಿ ಅಭ್ಯಾಸಮಾಡಿಕೊಳ್ಳಲಿ. ಮತದಾರರ ಪಟ್ಟಿಯ ಕರಡು ಹೊರಟಾಗ ತನ್ನ ಹೆಸರನ್ನು ಮಾತ್ರವಲ್ಲ, ಓದಲು ಬಾರದ ನೆರೆಯವನ ಹೆಸರನ್ನೂ ನೋಡಲಿ. ಹಳ್ಳಿಯವನು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಲಿ. ಕಾಸು ಕೊಟ್ಟು ಪತ್ರಿಕೆ ತರಿಸಲಿ; ಓದುಗನ ಕಾಸಿನಿಂದ ಬದುಕದ ಪತ್ರಿಕೆಯು ಬೇರೆಯವರ ಕಾಸಿನಿಂದ ಬದುಕಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತನಗೆ ಹಿಡಿಸದ ಮತದವನೊಬ್ಬನನ್ನು ಅನ್ಯಾಯವಾಗಿ ಹಿಡಿದೊಯ್ದಾಗ ಅವನ ಪರವಾಗಿ ಒಂದು ಮಾತಾಡಲಿ. ಮಿತ್ರನ ಹಕ್ಕಿಗಾಗಿ ಕೂಗುವುದು ಸ್ನೇಹ. ವಿರೋಧಿಯ ಹಕ್ಕಿಗಾಗಿ ಕೂಗುವುದು ಪ್ರಜಾಧರ್ಮ.

ಇನ್ನೊಂದು ಮಾತು ನಮ್ಮಂಥ ಸಂಘಗಳಿಗೇ ಸಲ್ಲುತ್ತದೆ. ಏಷ್ಯದಲ್ಲಿಯೇ ಹೆಸರಾದ ಸಹಕಾರ ಚಳವಳಿಯ ಬೀಜವನ್ನು ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಬಿತ್ತಿದವರು ನಮ್ಮ ನಾಡಿನ ರೈತರು. ಆದರೆ ಇಂದು ಎಷ್ಟು ಸಹಕಾರ ಸಂಘಗಳಲ್ಲಿ, ಸಾಹಿತ್ಯ ಸಂಘಗಳಲ್ಲಿ, ವಿದ್ಯಾಸಂಸ್ಥೆಗಳಲ್ಲಿ ವಾರ್ಷಿಕ ಸಭೆಗೆ ಸದಸ್ಯರು ಬರುತ್ತಾರೆ? ಲೆಕ್ಕಪತ್ರವನ್ನು ಎಷ್ಟು ಮಂದಿ ಓದುತ್ತಾರೆ? ಅಧ್ಯಕ್ಷರು ದಕ್ಷರು, ಅವರೇ ಮುಂದುವರಿಯಲಿ ಎಂದು ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಮನೆಗೆ ಬರುವವನು ಗಟ್ಟಿ ಕೈಗೆ ಮಣಿಯುವ ಅಭ್ಯಾಸವನ್ನು ಅಲ್ಲಿಯೇ ಮಾಡಿಕೊಳ್ಳುತ್ತಿದ್ದಾನೆ. ಇಪ್ಪತ್ತು ಮಂದಿಯ ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಲಾರದವನು ದೇಶಕ್ಕೆ ಕೇಡು ಬಂದ ದಿನ ಕೇಳುವನೆಂದು ನಂಬುವುದು ಹೇಗೆ?

ರಾಜನಂತೆ ಪ್ರಜೆಗಳು ಎಂಬುದು ಹಿಂದಿನವರ ನಾಣ್ಣುಡಿ. ಮತದಾನದ ಕಾಲದಲ್ಲಿ ಅದು ತಿರುಗಿ, ಪ್ರಜೆಗಳಂತೆ ರಾಜನು ಎಂದಾಗಿದೆ. ಗಟ್ಟಿ ಕೈ ಬೇಕೆಂಬುದು ನಿಜವೇ ಆಗಿದ್ದರೆ, ಒಬ್ಬ ಪ್ರಭುವಿನ ಎರಡು ಕೈಗಳು ಈ ದೇಶಕ್ಕೆ ಸಾಲವು. ಸಹಿಮಾಡಲಾರೆನೆಂದು ಲೇಖನಿಯನ್ನು ಕೆಳಗಿಡಬಲ್ಲ ಲಕ್ಷಾಂತರ ಕೈಗಳು ಬೇಕು. ಅವು ಮೊದಲು ನಮ್ಮ ನಮ್ಮ ಮನೆಗಳಲ್ಲಿಯೇ ಸಿದ್ಧವಾಗಲಿ.