ಸಣ್ಣಗಾದ ಮೇಲೆ ಸಮುದ್ರ

ದಸರಾ ಆನೆಗಳು ಕಾಡಿನಿಂದ ಮೈಸೂರಿಗೆ ಬಂದ ಕೆಲವೇ ದಿನಗಳಲ್ಲಿ ಧನ್ವಂತರಿ ರಸ್ತೆಯ ವೇಬ್ರಿಡ್ಜ್‌ಗೆ ಹೋಗಿ ತೂಕ ಹಾಕಿಸಿಕೊಳ್ಳುತ್ತವೆ. ಮಾರನೆಯ ದಿನ ಪೇಪರಿನಲ್ಲಿ ಒಂದೊಂದು ಆನೆಯ ಹೆಸರಿನ ಮುಂದೆ ಕಿಲೋ ಲೆಕ್ಕ ಅಚ್ಚಾಗುತ್ತದೆ. ಐದು ಟನ್ ದಾಟಿದ ಅಭಿಮನ್ಯುವಿನ ಬಗ್ಗೆ ಊರಿಗೆ ಊರೇ ಹೆಮ್ಮೆಪಡುತ್ತದೆ. ಉದ್ದು, ಹೆಸರುಕಾಳು, ಕುಸುಬಲಕ್ಕಿ, ಬೆಣ್ಣೆ, ಬೆಲ್ಲ, ಕಬ್ಬು ತಿನ್ನಿಸಿ, ಜಂಬೂಸವಾರಿಯ ಹೊತ್ತಿಗೆ ಮತ್ತೆ ತೂಗಿದಾಗ ಇನ್ನಷ್ಟು ಏರಿದ್ದರೆ ಮಾವುತ ಕಾವಾಡಿಗಳಿಗೆ ಶಹಬ್ಬಾಸ್‌ಗಿರಿ. 750 ಕಿಲೋ ಅಂಬಾರಿ ಹೊರುವ ಪ್ರಾಣಿ ತೂಕವಾಗಿಯೇ ಇರಬೇಕು ಎನ್ನುವುದು ಎಲ್ಲರಿಗೂ ಅರ್ಥವಾಗುವ ವಿಷಯ. ಆನೆಯ ತೂಕ ಕೇಳುವಾಗ ಅದು ಮಾಡಬೇಕಾದ ಕೆಲಸ ನಮ್ಮ ಕಣ್ಣ ಮುಂದಿರುತ್ತದೆ. ಮನುಷ್ಯನ ತೂಕ ನೋಡುವಾಗ ಮಾತ್ರ ಯಾವ ಕೆಲಸಕ್ಕೆ ಎಂದು ಯಾರೂ ಕೇಳುವುದಿಲ್ಲ; ಅವನು ಏನೇ ಮಾಡಲು ಹೊರಟರೂ ತೂಕವೇ ಮೊದಲು ಅಡ್ಡ ಬರುತ್ತದೆ.

ನೂರು ಕಿಲೋದ ಆಚೀಚೆ ಇರುವ ಮೈಸೂರಿನವನೊಬ್ಬ, ಸ್ಕೂಬಾ ಡೈವಿಂಗ್ ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದ ಎಂದುಕೊಳ್ಳಿ. ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಮೊದಲು ಒಂದಿಪ್ಪತ್ತು ಕಿಲೋ ಇಳಿಸು, ಆಮೇಲೆ ನೋಡೋಣ.’ ಸ್ನೇಹಿತರು ಇನ್ನೂ ಒಂದು ಹೆಜ್ಜೆ ಮುಂದೆ: ‘ನೀನು ಇಳಿದರೆ ಮುರುಡೇಶ್ವರದ ದಡಕ್ಕೆ ನೀರು ಬರುತ್ತಪ್ಪ!’ ನಗು ಮುಗಿಯುತ್ತದೆ, ವಿಷಯವೂ ಮುಗಿಯುತ್ತದೆ. ನಾನೂ ಅದೇ ಪಂಗಡದ ದೇಹದವನಾದ್ದರಿಂದ ಈ ಮಾತಿನ ರುಚಿ ನನಗೆ ಗೊತ್ತು. ಇದರಲ್ಲಿ ಕಾಳಜಿಯೂ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈ ‘ಮೊದಲು ಸಣ್ಣಗಾಗು’ ಎಂಬ ಷರತ್ತು ಎಷ್ಟರಮಟ್ಟಿಗೆ ಸರಿ? ಒಂದು ವಿದ್ಯೆ ಕಲಿಯಲು, ಒಂದು ಸಂತೋಷ ಪಡಲು ದೇಹ ಮೊದಲು ಪಾಸಾಗಬೇಕೇ? ಆಗಬೇಕೆಂದಾದರೆ ಪರೀಕ್ಷೆ ಮಾಡುವವರು ಯಾರು, ಪ್ರಶ್ನೆಪತ್ರಿಕೆ ಯಾವುದು?

ಇದು ನಾಲ್ಕು ಜನರ ತಾಪತ್ರಯವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹೆಂಗಸರಿರಲಿ ಗಂಡಸರಿರಲಿ, ಹತ್ತರಲ್ಲಿ ಸುಮಾರು ಮೂವರು ಹೆಚ್ಚು ತೂಕದವರು. ಅದೇ ಹೊತ್ತಿಗೆ ಸ್ಕೂಬಾ ಎಂಬುದು ಅಂಡಮಾನಿನ ಹನಿಮೂನ್ ಫೋಟೋಗಳಿಂದ ಇಳಿದು ನಮ್ಮದೇ ಕರಾವಳಿಯ ಮಾತಾಯಿತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಹಿಂದೆ ಮೀನುಗಾರರಿಗೂ, ಅಲ್ಲಿ ಗುರಿ ಹೊಡೆಯುವ ಅಭ್ಯಾಸ ಮಾಡುತ್ತಿದ್ದ ನೌಕಾಪಡೆಗೂ ಮಾತ್ರ ಪರಿಚಯವಿದ್ದಂಥ ಜಾಗ. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲೆ ಅದು ಮನೆಮಾತಾಯಿತು. ಈಗ ಮೈಸೂರಿನ ಆಫೀಸುಗಳಲ್ಲಿ ವಾರಾಂತ್ಯಕ್ಕೆ ನೇತ್ರಾಣಿ ಎನ್ನುವವರಿದ್ದಾರೆ. ಆ ಗುಂಪಿನಲ್ಲಿ ದಪ್ಪಗಿರುವವರು ‘ನೀವು ಹೋಗಿಬನ್ನಿ, ನಾನು ದೋಣಿಯಲ್ಲಿ ಬ್ಯಾಗು ಕಾಯುತ್ತೇನೆ’ ಎನ್ನುವುದೂ ರೂಢಿಯಾಗಿದೆ.

ನೀರಿನ ಲೆಕ್ಕ ಬೇರೆಯೇ ಇದೆ. ಒಂದು ಲೀಟರ್ ಸಮುದ್ರದ ನೀರು ಸುಮಾರು 1.025 ಕಿಲೋ ತೂಗಿದರೆ, ಮೈಯ ಕೊಬ್ಬು ಲೀಟರಿಗೆ 0.9 ಕಿಲೋ ಅಷ್ಟೇ. ಹಾಗಾಗಿ ಕೊಬ್ಬು ತೇಲುತ್ತದೆ. ದಪ್ಪಗಿರುವವನು ಕಲ್ಲಿನ ಹಾಗೆ ಮುಳುಗುತ್ತಾನೆ ಎಂಬ ಜೋಕಿಗೆ ಭೌತಶಾಸ್ತ್ರದ ಒಪ್ಪಿಗೆಯಿಲ್ಲ. ಅವನ ಕಷ್ಟ ಮುಳುಗುವುದೇ ಇಲ್ಲವಲ್ಲ ಎಂಬುದು. ಇಪ್ಪತ್ತು ಕಿಲೋ ಹೆಚ್ಚುವರಿ ಕೊಬ್ಬನ್ನು ಕೆಳಗಿಳಿಸಲು ಸೊಂಟಕ್ಕೆ ಮೂರು ಕಿಲೋದಷ್ಟು ಹೆಚ್ಚುವರಿ ಸೀಸ ಕಟ್ಟಬೇಕು. ದೇಹ ಇಳಿಸಿಕೊಂಡು ಬಾ ಎಂದು ದಡದವರು ಹೇಳಿದ್ದಕ್ಕೆ ಸಮುದ್ರ ಕೇಳುವುದು ಇಷ್ಟೇ, ಇನ್ನೂ ಮೂರು ಕಿಲೋ ಹೇರಿಕೊಂಡು ಬಾ. ದಡದ ಮೇಲೆ ಮಂಡಿಗೂ ಸೊಂಟಕ್ಕೂ ಬೀಳುವ ಭಾರ ನೀರಿನೊಳಗೆ ಇರುವುದೇ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಲಾಗದ ಮಂಡಿ ಹನ್ನೆರಡು ಮೀಟರ್ ಆಳದಲ್ಲಿ ಯಾವ ತಕರಾರೂ ಇಲ್ಲದೆ ಮಡಚುತ್ತದೆ, ಚಾಚುತ್ತದೆ.

ನಿಜವಾದ ಫಜೀತಿ ನೀರಿಗಿಳಿಯುವ ಮೊದಲೇ, ವೆಟ್‌ಸೂಟಿನ ಹತ್ತಿರ. ಬಾಡಿಗೆಗೆ ಕೊಡುವ ಸೂಟುಗಳ ರಾಶಿಯಲ್ಲಿ ದೊಡ್ಡ ಸೈಜಿನದು ಒಂದೋ ಎರಡೋ ಇರುತ್ತದೆ, ಅದೂ ಇನ್ನೊಬ್ಬರ ಮೈಮೇಲಿರುತ್ತದೆ. ಸಿಕ್ಕಿದರೆ ಒಣಗಿದ ರಬ್ಬರನ್ನು ಬೆವರಿದ ಮೈಗೆ ಏರಿಸುವ ಕುಸ್ತಿ ಶುರು. ಅನುಭವಸ್ಥರು ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಕಾಲು ತೂರಿಸುತ್ತಾರೆ, ಕವರ್ ಇದ್ದರೆ ಬಟ್ಟೆ ಜಾರುತ್ತದೆ. ತೊಡೆಯವರೆಗೆ ಬಂದದ್ದು ಹೊಟ್ಟೆಯ ಹತ್ತಿರ ನಿಲ್ಲುತ್ತದೆ. ಬೆನ್ನ ಹಿಂದಿನ ಜಿಪ್ ಎಳೆಯಲು ಇಬ್ಬರು ಬೇಕು. ಒಬ್ಬ ರಬ್ಬರಿನ ಎರಡು ತುದಿಗಳನ್ನು ಕೂಡಿಸಿ ಹಿಡಿಯುತ್ತಾನೆ, ಇನ್ನೊಬ್ಬ ಉಸಿರು ಬಿಗಿಹಿಡಿದು ಎಳೆಯುತ್ತಾನೆ. ಅಷ್ಟರಲ್ಲಿ ಇಡೀ ದೋಣಿ ನಿಮ್ಮ ಬೆನ್ನನ್ನೇ ನೋಡುತ್ತಿರುತ್ತದೆ. ಆಮೇಲೆ ಬೆಲ್ಟು. ಸೀಸದ ಬೆಲ್ಟ್ ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ, ಕೆಳಗೆ ಜಾರುತ್ತದೆ; ಅದಕ್ಕೆ ತೂಕವನ್ನು ಜಾಕೆಟ್ಟಿನ ಜೇಬುಗಳಿಗೆ ಹಂಚುವುದು ಮೇಲು. ಇವುಗಳಲ್ಲಿ ಯಾವುದೂ ದೇಹದ ದೋಷವಲ್ಲ. ಸೂಟು ಕೊಂಡವರು ಯಾವ ಗಿರಾಕಿ ಬರುತ್ತಾನೆ ಎಂದು ಊಹಿಸಿದ್ದರು ಎಂಬುದರ ಲೆಕ್ಕ, ಅಷ್ಟೇ. ಆದರೂ ಜಿಪ್ ಹತ್ತದಿದ್ದರೆ ನಾಚುವವನು ಸೂಟಿನ ಮಾಲೀಕನಲ್ಲ.

ಹಾಗಾದರೆ ಅಪಾಯವೆಲ್ಲ ಕಟ್ಟುಕಥೆಯೇ? ಅಲ್ಲ. ‘ಮೊದಲು ಸಣ್ಣಗಾಗು’ ಎನ್ನುವವರ ಪರವಾಗಿ ಗಟ್ಟಿಯಾದ ಒಂದು ಸಾಕ್ಷಿಯಿದೆ, ಅದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಬ್ರಿಟಿಷ್ ನೌಕಾಪಡೆಯ ಮುಳುಗುಗಾರರಿಗಾಗಿ ಜೆ.ಎಸ್. ಹಾಲ್ಡೇನ್ ಮತ್ತು ಅವನ ಸಂಗಡಿಗರಾದ ಬಾಯ್ಕಾಟ್, ಡಮಾಂಟ್ ಆಡುಗಳನ್ನು ಒತ್ತಡದ ಕೋಣೆಯೊಳಗಿಟ್ಟು ಪ್ರಯೋಗ ನಡೆಸಿ 1908ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಳದಲ್ಲಿ ನಾವು ಉಸಿರಾಡುವ ಗಾಳಿಯ ಸಾರಜನಕ ರಕ್ತಕ್ಕೆ, ಅಲ್ಲಿಂದ ಅಂಗಾಂಶಗಳಿಗೆ ಸೇರುತ್ತದೆ. ಸರಸರನೆ ಮೇಲೆ ಬಂದರೆ ಗುಳ್ಳೆಗಟ್ಟಿ ಕೀಲು, ನರ, ಬೆನ್ನುಹುರಿಯನ್ನು ಬಾಧಿಸುತ್ತದೆ. ಸಾರಜನಕ ನೀರಿಗಿಂತ ಕೊಬ್ಬಿನಲ್ಲಿ ಸುಮಾರು ಐದು ಪಟ್ಟು ಹೆಚ್ಚು ಕರಗುತ್ತದೆ. ಕೊಬ್ಬಿದ ಪ್ರಾಣಿಗಳೇ ಹೆಚ್ಚು ಬಾಧೆಪಟ್ಟವು. ತೀರ ದಪ್ಪಗಿರುವವರನ್ನು ಒತ್ತಡದ ಗಾಳಿಯಲ್ಲಿ ಕೆಲಸಕ್ಕೆ ಇಳಿಸಲೇಬಾರದು ಎಂಬ ಸಲಹೆ ಅಂದೇ ಹುಟ್ಟಿತು.

ವಾದ ಬಲವಾಗಿದೆ, ಆದರೆ ಅದು ಯಾರ ಬಗ್ಗೆ ಎಂಬುದನ್ನು ನೋಡಬೇಕು. ಗಂಟೆಗಟ್ಟಲೆ ಆಳದಲ್ಲಿ ದುಡಿಯುವವರಿಗೆ, ಸೇತುವೆಯ ಬುನಾದಿ ತೋಡುವ ಕೂಲಿಯವರಿಗೆ ಆ ಎಚ್ಚರಿಕೆ. ನೇತ್ರಾಣಿಯಲ್ಲಿ ಹೊಸಬರನ್ನು ಕರೆದೊಯ್ಯುವುದು ಹೆಚ್ಚೆಂದರೆ 12 ಮೀಟರಿಗೆ. ಕಲಿಯುವವರು ಬಳಸುವ, ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಕೋಷ್ಟಕದಲ್ಲಿ ಆ ಆಳಕ್ಕೆ ಮೊದಲ ಡೈವಿಗೆ 147 ನಿಮಿಷ ಅವಕಾಶವಿದೆ. ಮೊದಲ ಹಂತದ ಕೋರ್ಸಿನ ಗರಿಷ್ಠ ಆಳವಾದ 18 ಮೀಟರಿಗೆ 56 ನಿಮಿಷ. ಹೊಸಬನ ಸಿಲಿಂಡರಿನ ಗಾಳಿ ಅದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ, ದೊಡ್ಡ ದೇಹದವನದಂತೂ ಇನ್ನೂ ಬೇಗ. ಸಾರಜನಕದ ವಿಷಯದಲ್ಲಿ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು ಎನ್ನುವುದಕ್ಕೂ ನೀನು ಬರಲೇಬೇಡ ಎನ್ನುವುದಕ್ಕೂ ಬಹಳ ಅಂತರ.

ನನ್ನ ಮಟ್ಟಿಗೆ ಪ್ರಶ್ನೆಯ ತಿರುಳು ಹೃದಯದಲ್ಲಿದೆ. ನೀರಿಗೆ ಇಳಿದ ಕೂಡಲೇ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಮೇಲೆ ಸೆಳೆತವಿದ್ದರೆ ಈಜಬೇಕು, ಕೊನೆಗೆ ತೂಗಾಡುವ ದೋಣಿಯ ಏಣಿ ಹತ್ತಬೇಕು. ಸಿಲಿಂಡರನ್ನೂ ಸೀಸವನ್ನೂ ನೀರಿನಲ್ಲೇ ಬಿಚ್ಚಿ ಕೊಟ್ಟು ಬರಿಗೈಯಲ್ಲಿ ಹತ್ತುವುದಕ್ಕೆ ನಾಚಬೇಕಾಗಿಲ್ಲ. ಡೈವಿಂಗ್ ಸಾವುಗಳ ಮುಖ್ಯ ಕಾರಣಗಳಲ್ಲಿ ಹೃದಯದ ತೊಂದರೆಯೂ ಒಂದು. ಹೆಚ್ಚು ತೂಕದ ಜೊತೆ ಬಿ.ಪಿ., ಸಕ್ಕರೆ, ರಕ್ತನಾಳದ ಕಾಯಿಲೆ ಬರುವ ಸಂಭವ ಹೆಚ್ಚು ಎಂಬುದೂ ನಿಜ. ಆದರೆ ಸಂಭವ ಹೆಚ್ಚು ಎಂಬುದನ್ನು ನಾವು ನೋಡಿದ ಮಾತ್ರಕ್ಕೆ ಗೊತ್ತಾಗುತ್ತದೆ ಎಂದು ಓದಿಕೊಂಡುಬಿಟ್ಟಿದ್ದೇವೆ. ಕಸರತ್ತಿಗೆ ಹೆಸರಾಗಿದ್ದ ಪುನೀತ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯ ಕೈಕೊಟ್ಟು ಹೋದಾಗ ಈ ಓದು ಒಮ್ಮೆಗೇ ತಲೆಕೆಳಗಾಯಿತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ತಪಾಸಣೆಗೆ ಸಾಲು. ಆ ಸಾಲಿನಲ್ಲಿ ತೆಳ್ಳಗಿನವರು, ದಪ್ಪಗಿನವರು, ಹುಡುಗರು, ಅಜ್ಜಂದಿರು ಎಲ್ಲರೂ ಇದ್ದರು. ಭಯ ಮಾಡಿಸಿದ ಆ ತಪಾಸಣೆಯನ್ನು ಅವಮಾನ ಎಂದೂ ಮಾಡಿಸಲಾರದು.

ಅವಮಾನ ಮಾಡಿಸುವುದು ತದ್ವಿರುದ್ಧದ ಕೆಲಸ. ಡೈವಿಂಗ್ ಕಲಿಯುವ ಮೊದಲು ತುಂಬಬೇಕಾದ ವೈದ್ಯಕೀಯ ಪ್ರಶ್ನಾವಳಿಯಲ್ಲಿ 45 ದಾಟಿದವರಿಗೆ ಬಿ.ಪಿ., ಕೊಲೆಸ್ಟರಾಲ್, ಸಿಗರೇಟು, ಮನೆತನದ ಹೃದ್ರೋಗದ ಬಗ್ಗೆ ಕೇಳುತ್ತಾರೆ. ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟವಾದದ್ದು: 1.6 ಕಿಲೋಮೀಟರನ್ನು 14 ನಿಮಿಷದಲ್ಲಿ ನಡೆಯಲು, ಇಲ್ಲವೇ ನಿಲ್ಲದೆ 200 ಮೀಟರ್ ಈಜಲು ಕಷ್ಟವಾಗುತ್ತದೆಯೇ? ಈ ಪ್ರಶ್ನೆಗೆ ಕನ್ನಡಿ ಬೇಕಿಲ್ಲ, ಕುಕ್ಕರಹಳ್ಳಿ ಕೆರೆಯ ಏರಿ ಸಾಕು. ಅಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ನಿಂತರೆ, ಹೊಟ್ಟೆ ಮುಂದೆ ಮಾಡಿಕೊಂಡು ದಾಪುಗಾಲಿಡುವ ಮೇಷ್ಟರೊಬ್ಬರು, ಸುತ್ತು ಮುಗಿಯುವ ಮೊದಲೇ ಏದುಸಿರು ಬಿಡುವ ಸಪೂರ ಹುಡುಗನನ್ನು ಹಿಂದೆ ಹಾಕುವುದು ಕಾಣುತ್ತದೆ. ಆದರೆ ಮೊದಲೇ ‘ಇಷ್ಟು ದಪ್ಪ ಇದ್ದೀರಿ, ಬಿಡ್ತಾರೋ ಇಲ್ಲವೋ’ ಎಂಬ ಮಾತು ಕೇಳಿಸಿಕೊಂಡು ಬಂದವನು ಆ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುತ್ತಾನೆ. ಬಿ.ಪಿ. ಮಾತ್ರೆ ಬ್ಯಾಗಿನೊಳಗೇ ಉಳಿಯುತ್ತದೆ. ಸುರಕ್ಷತೆಯ ಹೆಸರಿನಲ್ಲಿ ನಾವು ಮಾಡುವ ಲೇವಡಿ ಸುರಕ್ಷತೆಯನ್ನೇ ಕೆಡಿಸುವುದು ಹೀಗೆ.

ಇದರ ಎದುರು ಪಾಳಯದವರೂ ಇದ್ದಾರೆ. ಎಲ್ಲ ದೇಹವೂ ಸುಂದರ, ಯಾವ ಪರೀಕ್ಷೆಯೂ ಬೇಡ, ಧುಮುಕಿ ಎನ್ನುವವರು. ನನಗೆ ಅವರ ಬಗ್ಗೆಯೂ ಅಷ್ಟೇ ಅನುಮಾನ. ಅವರೂ ಮಾತನಾಡುವುದು ನೋಟದ ಬಗ್ಗೆಯೇ. ಒಬ್ಬರು ನೋಡಿ ಬೇಡ ಎಂದರೆ ಇನ್ನೊಬ್ಬರು ನೋಡಿ ಪರವಾಗಿಲ್ಲ ಎನ್ನುತ್ತಾರೆ. ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಏರುವ ಒತ್ತಡಕ್ಕೆ ಸೌಂದರ್ಯದ ಗೊಡವೆಯಿಲ್ಲ. ‘ಈಜು ಬರದಿದ್ದರೂ ಚಿಂತೆಯಿಲ್ಲ, ನಾವು ಹಿಡಿದುಕೊಂಡೇ ಇರುತ್ತೇವೆ’ ಎಂಬ ಜಾಹೀರಾತಿನ ಧಾರಾಳತನವೂ ನನಗೆ ಒಗ್ಗುವುದಿಲ್ಲ. ಹಿಡಿದುಕೊಂಡು ಇಳಿಸಿ ಮೀನು ತೋರಿಸಿ ತರುವುದು ಒಂದು ಸವಾರಿ, ಕಲಿಯುವುದು ಬೇರೆ. ಪೂರ್ತಿ ಕೋರ್ಸಿಗೆ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು ಕಡ್ಡಾಯ. ಎಷ್ಟು ಹೊತ್ತಿನಲ್ಲಿ ಈಜಿದಿರಿ ಎಂದು ಯಾರೂ ಗಡಿಯಾರ ನೋಡುವುದಿಲ್ಲ. ದಪ್ಪಗಿರುವವನಿಗೆ ಇಂಥ ಷರತ್ತು ಅವಮಾನವಲ್ಲ, ಮರ್ಯಾದೆ: ನಿನ್ನಿಂದಾಗುತ್ತದೆ, ಮಾಡಿ ತೋರಿಸು ಎಂದ ಹಾಗೆ. ತೇಲುವ ಪರೀಕ್ಷೆಯಲ್ಲಂತೂ ಅವನಿಗೆ ಗ್ರೇಸ್ ಮಾರ್ಕ್ಸ್ ಹುಟ್ಟಿನಿಂದಲೇ ಬಂದಿದೆ!

ಉಸಿರಿನ ವಿಷಯದಲ್ಲಿ ಮೈಸೂರಿನವರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗ ಕಲಿಸಿದ ಕಾಲದಿಂದ ಈ ಊರಿನ ಗಾಳಿಯಲ್ಲೇ ಪ್ರಾಣಾಯಾಮವಿದೆ. ನಿಧಾನವಾಗಿ, ದೀರ್ಘವಾಗಿ ಉಸಿರಾಡುವವನಿಗೆ ಸಿಲಿಂಡರ್ ಹೆಚ್ಚು ಹೊತ್ತು ಬಾಳುತ್ತದೆ, ಗಾಬರಿಯೂ ಕಡಿಮೆ. ಆದರೆ ಕುಂಭಕ ಮಾತ್ರ ಅಲ್ಲಿ ನಿಷಿದ್ಧ. ಹತ್ತು ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಸ್ಕೂಬಾದ ಮೊದಲ ಪಾಠವೇ ಉಸಿರು ನಿಲ್ಲಿಸಬೇಡ ಎಂಬುದು. ಇದು ಸಣ್ಣವನಿಗೂ ದಪ್ಪನಿಗೂ ಒಂದೇ.

ಘಟ್ಟದ ವಿಷಯವೂ ಹಾಗೆಯೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಮೈಯಲ್ಲಿ ಉಳಿದ ಸಾರಜನಕದ ಕಾರಣಕ್ಕೆ, ಒಂದು ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ವಿಮಾನ ಹತ್ತಬೇಡಿ ಎನ್ನುತ್ತಾರೆ. 600 ಮೀಟರ್ ದಾಟಿದ ಎತ್ತರಕ್ಕೂ ಅದೇ ಎಚ್ಚರ ಸಲ್ಲುತ್ತದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಮಧ್ಯಾಹ್ನ ಮೀನೂಟ ಮುಗಿಸಿ, ಸೋಮವಾರ ಆಫೀಸು ಎಂದು ಸಂಜೆಗೇ ಘಟ್ಟ ಹತ್ತುವ ತೆಳ್ಳಗಿನ ತಂಡದ ಬಗ್ಗೆ ಯಾವ ಮನೆಯಲ್ಲೂ ಆಕ್ಷೇಪ ಏಳುವುದನ್ನು ನಾನು ಕೇಳಿಲ್ಲ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯುವ ದಪ್ಪಗಿನವನು ಅವರಿಗಿಂತ ಜಾಣ.

ಇಷ್ಟಾದ ಮೇಲೂ ‘ತೂಕ ಇಳಿಸಿದರೆ ಒಳ್ಳೆಯದಲ್ಲವೇ’ ಎಂದು ಕೇಳುವವರಿಗೆ, ಒಳ್ಳೆಯದೇ. ಆದರೆ ಅದನ್ನು ಬಾಗಿಲ ಬಳಿಯ ಟಿಕೆಟ್ ಮಾಡಬೇಡಿ. ಸಣ್ಣಗಾದ ಮೇಲೆ ಈಜು, ಸಣ್ಣಗಾದ ಮೇಲೆ ಸಮುದ್ರ ಎಂದು ಮುಂದೂಡಿದವರು ಎರಡನ್ನೂ ಮಾಡದೆ ಐವತ್ತು ದಾಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ, ಮಳೆ ನಿಂತ ಮೇಲೆಯೇ ಮತ್ತೆ ಶುರು. ಆ ಬಿಡುವಿನಲ್ಲಿ ಮಾಡಲು ಮೂರು ಕೆಲಸ ಸಾಕು. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಲ್ಲೋ ಮತ್ತೆಲ್ಲೋ ಆ 200 ಮೀಟರ್ ಅಭ್ಯಾಸ. ವೈದ್ಯರ ಹತ್ತಿರ ಬಿ.ಪಿ., ಟ್ರೆಡ್‌ಮಿಲ್ ಪರೀಕ್ಷೆ. ಅವರು ‘ನಿಮಗೆ ಇದೆಲ್ಲ ಯಾಕ್ರೀ ಬೇಕು’ ಎಂದರೆ ಡೈವಿಂಗ್ ಫಾರಂ ಮುಂದಿಟ್ಟು, ಇದರಲ್ಲಿರುವ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕು ಎನ್ನುವುದು. ಮೂರನೆಯದು, ಬುಕಿಂಗ್ ಮಾಡುವ ಮುನ್ನ ಫೋನಿನಲ್ಲಿ ಸಂಕೋಚವಿಲ್ಲದೆ ಎದೆ, ಸೊಂಟದ ಅಳತೆ ಹೇಳಿ, ಆ ಸೈಜಿನ ಸೂಟ್ ಇದೆಯೇ ಎಂದು ಕೇಳುವುದು. ಇಲ್ಲ ಎಂದರೆ, ತರಿಸಿಟ್ಟ ಮೇಲೆ ಹೇಳಿ, ಬರುತ್ತೇನೆ ಎಂದು ಫೋನ್ ಇಡಿ.