ಟಯರಿನ ಮೈಮೇಲೆ ಮಳೆಯ ದರ್ಜೆಯನ್ನೂ ಬರೆಸಿ

ಸನ್ಮಾನ್ಯ ಶ್ರೀ ನಿತಿನ್ ಗಡ್ಕರಿಯವರಿಗೆ,
ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರು, ನವದೆಹಲಿ.



ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಪೇಟೆಗೆ ತಾಗಿಕೊಂಡು ಕಡಲ ಬದಿಗಿರುವ ಕೇಣಿ ನನ್ನೂರು. ಬಾಡಿಗೆ ಕಾರು ಓಡಿಸುವುದು ನನ್ನ ಉದ್ಯೋಗ. ಗೋಕರ್ಣಕ್ಕೆ ಪ್ರವಾಸಿಗರನ್ನು, ಹುಬ್ಬಳ್ಳಿಗೆ ಮದುವೆಯ ಜವಳಿ ತರಲು ಹೊರಟವರನ್ನು, ಕಾರವಾರದ ಕಚೇರಿ ಕೆಲಸದವರನ್ನು, ಮಣಿಪಾಲಕ್ಕೆ ರೋಗಿಗಳನ್ನು ಕರೆದುಕೊಂಡು ಹೋಗುತ್ತೇನೆ. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಈ ದೇಶದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರ್ ಟಯರ್ ಒದ್ದೆ ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಎಂಬ ದರ್ಜೆ, ಕೊಳ್ಳುವವರ ಕಣ್ಣಿಗೆ ಬೀಳುವ ಹಾಗೆ, ಅವರ ಭಾಷೆಯಲ್ಲಿ, ಕಡ್ಡಾಯವಾಗಿ ಇರಬೇಕು.

ಇಷ್ಟು ಸಣ್ಣ ವಿಷಯಕ್ಕೆ ಕೇಂದ್ರ ಸಚಿವರಿಗೆ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಳೆಗಾಲವನ್ನು ಕಂಡವರಿಗೆ ಹಾಗೆ ಅನ್ನಿಸಲಾರದು. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಈ ಕರಾವಳಿಯಲ್ಲಿ ಬೀಳುವ ಮಳೆ 3000 ಮಿಲಿಮೀಟರ್ ದಾಟುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನೀರು ಹರಿಯುತ್ತದೆ, ತಗ್ಗಿದ್ದಲ್ಲಿ ನಿಲ್ಲುತ್ತದೆ, ಗುಡ್ಡ ಕಡಿದ ಕಡೆ ಕೆಂಪು ಮಣ್ಣು ರಾಡಿಯಾಗಿ ಇಳಿದು ಡಾಂಬರಿನ ಮೇಲೆ ಹರಡುತ್ತದೆ. ಮೀನಿನ ಲಾರಿಗಳಿಂದ ಸೋರುವ ಎಣ್ಣೆಜಿಡ್ಡಿನ ನೀರು ಇದರ ಮೇಲೆ ಬೀಳುತ್ತದೆ. ಮೀನು ನಮ್ಮ ಅನ್ನ, ಆ ಲಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೊದಲ ಹನಿ ಬಿದ್ದ ಹೊತ್ತಿನಲ್ಲಿ ಆ ಜಿಡ್ಡಿನ ಮೇಲೆ ಬ್ರೇಕ್ ಒತ್ತಿದವರಿಗೆ ಟಯರ್ ಏನೆಂಬುದು ಗೊತ್ತಾಗುತ್ತದೆ. ಅವರ್ಸಾದ ಹತ್ತಿರ ದನ ಅಡ್ಡ ಬಂದಾಗಲೂ, ಅರಬೈಲ್ ಘಟ್ಟದ ತಿರುವಿನಲ್ಲಿ ಮಂಜಿನೊಳಗಿಂದ ಹುಬ್ಬಳ್ಳಿಯ ಲಾರಿ ಎದುರಾದಾಗಲೂ ಕಾರನ್ನು ನಿಲ್ಲಿಸಬೇಕಾದದ್ದು ನಾಲ್ಕು ಟಯರ್‌ಗಳೇ. ಒಂದೊಂದು ಟಯರ್ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ.

ದುಬಾರಿ ಟಯರ್ ಹಾಕಿಸಿದ ಚಾಲಕರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಕೈಗಾ ಸ್ಥಾವರದ ನೌಕರರು, ಅರಗಾದ ನೌಕಾನೆಲೆಯ ಕುಟುಂಬಗಳು, ಗೋವಾದಲ್ಲಿ ದುಡಿದು ವಾರಕ್ಕೊಮ್ಮೆ ಊರಿಗೆ ಬರುವವರು, ನಮ್ಮಂಥ ಬಾಡಿಗೆಯವರು ಎಲ್ಲರೂ ಇದ್ದಾರೆ. ನಾಲ್ಕು ಟಯರಿಗೆ 30–40 ಸಾವಿರ ರೂಪಾಯಿ ಎಂದರೆ ನಮ್ಮ ಮನೆಗಳಲ್ಲಿ ಅದು ಕಾಲೇಜಿನ ಶುಲ್ಕಕ್ಕೆ ಸಮ. ಹಾಗಾಗಿ ನಾವು ಟಯರಿನ ಬಗ್ಗೆ ಬಹಳ ಮಾತಾಡುತ್ತೇವೆ. ಸ್ಟ್ಯಾಂಡಿನಲ್ಲಿ, ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ, ಹಟ್ಟಿಕೇರಿ ಟೋಲ್ ದಾಟಿ ಚಹಾಕ್ಕೆ ನಿಂತಲ್ಲಿ ಕೇಳಿಬರುವ ಮಾತುಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಕಾರು ಮೌನವಾಯಿತು, ಹಿಂದಿನ ಸೀಟಿನವರ ಮಾತು ಈಗ ಮುಂದಕ್ಕೆ ಕೇಳಿಸುತ್ತದೆ ಎಂದು ಒಬ್ಬರು ಹೊಗಳುತ್ತಾರೆ. ಇನ್ನೊಬ್ಬರು, "ಮಳೆಲಿ ಬ್ರೇಕ್ ಹಾಕಿದ್ರೆ ಅಲ್ಲೇ ನಿಂತದೆ ಮಾರಾಯ, ಹಳೇ ಟಯರಲ್ಲಿ ಎಬಿಎಸ್ ಕಟಕಟ ಅಂದು ಮುಂದೇ ಹೋಗ್ತಿತ್ತು" ಎನ್ನುತ್ತಾರೆ. ಮೂರನೆಯವರದ್ದು ದೂರು. ಅಷ್ಟೇ ಬೆಲೆಯ, ಅಷ್ಟೇ ಹೆಸರಿನ ಟಯರ್, ಹೊಂಡಕ್ಕೆ ಇಳಿದ ಒಂದೇ ಏಟಿಗೆ ಬದಿ ಉಬ್ಬಿಕೊಂಡಿತು. ಬದಿ ಹೋದ ಟಯರಿಗೆ ಪ್ಯಾಚ್ ನಿಲ್ಲುವುದಿಲ್ಲ, ಬದಲಿಸುವುದೊಂದೇ ದಾರಿ. ಆ ಅಳತೆಯ ಟಯರ್ ಅಂಕೋಲೆಯಲ್ಲಿ ಸಿಗಲಿಲ್ಲ, ಕಾರವಾರದಲ್ಲೂ ಸಿಗಲಿಲ್ಲ. ಹುಬ್ಬಳ್ಳಿಯಿಂದ ತರಿಸುವ ತನಕ ಸ್ಟೆಪ್ನಿಯ ಮೇಲೆ ಬಾಡಿಗೆ ಓಡಿಸಿದ್ದಾಯಿತು. ಮೆತ್ತಗಿನ ರಬ್ಬರ್ ನಮ್ಮ ಬೇಸಿಗೆಯ ಕಾದ ಡಾಂಬರಿಗೆ ಬೇಗ ಸವೆಯುತ್ತದೆ, ಬಾಡಿಗೆಯವನಿಗೆ ಪೂರೈಸುವುದಿಲ್ಲ ಎನ್ನುವವರೂ ಇದ್ದಾರೆ. ಗಟ್ಟಿ ಟಯರ್ ಹಾಕಿಸಿ ಮೂರು ಮಳೆಗಾಲ ದಾಟಿಸಿದೆ, ಏನೂ ಆಗಿಲ್ಲ ಎಂದು ವಾದಿಸುವವರೂ ಸಿಗುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಟಯರ್ ತಯಾರಿಸುವವರ ಕಷ್ಟವೇ ಈ ಮಾತುಗಳಲ್ಲಿದೆ. ಒದ್ದೆಯಲ್ಲಿ ಹಿಡಿತ, ಕಡಿಮೆ ಇಂಧನ, ದೀರ್ಘ ಬಾಳಿಕೆ, ಗಟ್ಟಿ ಬದಿ, ಮೆತ್ತಗಿನ ಸವಾರಿ ಇವೆಲ್ಲ ಒಂದೇ ಟಯರಿನಲ್ಲಿ ಪೂರ್ತಿ ಸಿಗುವುದಿಲ್ಲ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ. 1990ರ ದಶಕದಲ್ಲಿ ರಬ್ಬರಿಗೆ ಇಂಗಾಲದ ಪುಡಿಯ ಜತೆ ಸಿಲಿಕಾ ಬೆರೆಸುವ ವಿಧಾನ ಬಂದ ಮೇಲೆ ಇಂಧನವೂ ಉಳಿದು ಒದ್ದೆಯ ಹಿಡಿತವೂ ಉಳಿಯುವುದು ಸಾಧ್ಯವಾಯಿತು. ಒಳ್ಳೆಯ ಟಯರಿನ ಬೆಲೆಯಲ್ಲಿ ಒಂದು ಪಾಲು ಈ ವಿದ್ಯೆಗೆ ಸಲ್ಲುತ್ತದೆ. ಇನ್ನೊಂದು ಪಾಲು ಬರೀ ಹೆಸರಿಗೂ, ದೊಡ್ಡ ರಿಮ್ಮಿನ ಅಂದಕ್ಕೂ ಹೋಗುತ್ತದೆ. ಯಾವುದಕ್ಕೆ ಎಷ್ಟು ಕೊಟ್ಟೆವು ಎಂದು ತಿಳಿಯುವ ದಾರಿ ಕೊಳ್ಳುವವರಿಗೆ ಇಲ್ಲ. ಅಂಗಡಿಯವರನ್ನು ಕೇಳಿದರೆ ಸಿಗುವ ಉತ್ತರ "ಇದು ಪ್ರೀಮಿಯಮ್" ಎನ್ನುವುದಷ್ಟೇ.

ಟಯರಿನ ಬದಿಯಲ್ಲಿ ಬರವಣಿಗೆಗೆ ಕೊರತೆಯಿಲ್ಲ. ಅಳತೆ ಇದೆ, ಹೊರಬಲ್ಲ ಭಾರದ ಸಂಖ್ಯೆ ಇದೆ, ವೇಗದ ಅಕ್ಷರ ಇದೆ, ಐಎಸ್‌ಐ ಗುರುತು ಇದೆ, ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳಿವೆ. 2321 ಎಂದಿದ್ದರೆ 2021ರ 23ನೇ ವಾರ. ಇದನ್ನು ಓದಲು ಬರುವವರು ನಮ್ಮಲ್ಲಿ ಬಹಳ ಕಡಿಮೆ. ಮುಂಬಯಿಗೋ ದುಬೈಗೋ ದುಡಿಯಲು ಹೋದವರ ಮನೆಗಳಲ್ಲಿ ವರ್ಷದ ಹೆಚ್ಚಿನ ದಿನ ಶೆಡ್ಡಿನಲ್ಲೇ ನಿಲ್ಲುವ ಕಾರುಗಳಿವೆ. ಓಡದ ಟಯರಿನ ಗೀರುಗಳು ಹೊಸದರ ಹಾಗೇ ಕಾಣುತ್ತವೆ, ರಬ್ಬರ್ ಮಾತ್ರ ವರ್ಷ ಕಳೆದಂತೆ ಗಡುಸಾಗಿರುತ್ತದೆ. ಮೇ ತಿಂಗಳಲ್ಲಿ ರಜೆಗೆ ಬಂದು, ಮೊದಲ ಮಳೆಗೇ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತುವವರನ್ನು ಕಂಡಾಗ ನನಗೆ ಭಯವಾಗುತ್ತದೆ.

ಅಮೆರಿಕಕ್ಕೂ ಕಳಿಸುವ ಮಾದರಿಯ ಟಯರುಗಳ ಮೇಲೆ ಇನ್ನೂ ಒಂದು ಸಾಲು ಇರುತ್ತದೆ. ಅಲ್ಲಿನ ಕಾನೂನಿನಂತೆ 'ಟ್ರಾಕ್ಷನ್' ಎಂಬ ಪದದ ಮುಂದೆ ಎಎ, ಎ, ಬಿ, ಸಿ ಎಂಬ ದರ್ಜೆ ಅಚ್ಚಾಗಿರುತ್ತದೆ. ನೆನೆದ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ನೇರವಾಗಿ ಹೋಗುವಾಗ ಬ್ರೇಕ್ ಹಾಕಿದರೆ ಟಯರ್ ಎಷ್ಟು ಹಿಡಿಯುತ್ತದೆ ಎಂಬುದರ ದರ್ಜೆ ಅದು. ಅಂದರೆ ನಾನು ಕೇಳುತ್ತಿರುವ ಮಾಹಿತಿ ನಮ್ಮ ಕೆಲವು ಕಾರುಗಳ ಟಯರಿನ ಮೇಲೆಯೇ ಕಪ್ಪು ಅಕ್ಷರದಲ್ಲಿ ಕೂತಿದೆ. ಬೇರೆ ದೇಶದ ಚಾಲಕರಿಗಾಗಿ ಬರೆದದ್ದು, ಅಷ್ಟೇ.

ಯುರೋಪಿನಲ್ಲಿ 2012ರ ನವೆಂಬರ್‌ನಿಂದ ಟಯರುಗಳಿಗೆ ಬಣ್ಣದ ಪಟ್ಟಿ ಕಡ್ಡಾಯ. ಇಂಧನ, ಒದ್ದೆಯ ಹಿಡಿತ, ಸದ್ದು ಮೂರೂ ಅದರಲ್ಲಿವೆ. 2021ರ ಮೇ ತಿಂಗಳಲ್ಲಿ ಅದನ್ನು ಎ ಇಂದ ಇ ವರೆಗಿನ ಐದು ದರ್ಜೆಗೆ ತಂದರು. ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಪೂರ್ತಿ ಬ್ರೇಕ್ ಹಾಕಿದಾಗ 18 ಮೀಟರ್‌ವರೆಗೂ ವ್ಯತ್ಯಾಸ ಬರಬಹುದು ಎಂಬುದು ಅಲ್ಲಿನ ಲೆಕ್ಕ. 18 ಮೀಟರ್ ಎಂದರೆ ಒಂದರ ಹಿಂದೊಂದು ನಿಂತ ನಾಲ್ಕು ಕಾರುಗಳ ಉದ್ದ. ಶಾಲೆ ಬಿಟ್ಟ ಹೊತ್ತಿಗೆ ಬಾಳೆಗುಳಿ ಕ್ರಾಸಿನಲ್ಲಿ ಆ 18 ಮೀಟರಿನೊಳಗೆ ಎಷ್ಟು ಮಕ್ಕಳು ಕೊಡೆ ಹಿಡಿದು ದಾಟುತ್ತಿರುತ್ತಾರೆ ಎಂಬುದನ್ನು ನೀವು ಒಮ್ಮೆ ಬಂದು ನೋಡಬೇಕು.

ನಿಮ್ಮ ಸಚಿವಾಲಯ ಸುಮ್ಮನೆ ಕೂತಿಲ್ಲ ಎಂಬುದು ನನಗೆ ಗೊತ್ತು. 2022ರ ಜೂನ್‌ನಲ್ಲಿ ನೀವು ಹೊರಡಿಸಿದ ಅಧಿಸೂಚನೆಯಿಂದ ಎಐಎಸ್-142 ಮಾನದಂಡ ಜಾರಿಗೆ ಬಂತು. ಉರುಳುವಾಗಿನ ಪ್ರತಿರೋಧ, ಒದ್ದೆಯ ಹಿಡಿತ, ಸದ್ದು ಈ ಮೂರರಲ್ಲೂ ಕನಿಷ್ಠ ಮಟ್ಟ ಮುಟ್ಟದ ಟಯರ್ ಮಾರುವಂತಿಲ್ಲ ಎಂದಾಯಿತು. ಇದು ದೊಡ್ಡ ಹೆಜ್ಜೆ, ಚಾಲಕನಾಗಿ ನಾನು ಕೃತಜ್ಞ. ಆದರೆ ಆ ನಿಯಮ ಪಾಸು-ಫೇಲು ಮಾತ್ರ ಹೇಳುತ್ತದೆ. 35 ಅಂಕ ಪಡೆದವರೂ 95 ಅಂಕ ಪಡೆದವರೂ ಒಂದೇ ಪ್ರಮಾಣಪತ್ರ ಹಿಡಿದು ಅಂಗಡಿಯಲ್ಲಿ ನಿಂತಿದ್ದಾರೆ. ಅಂಕಪಟ್ಟಿ ಕಂಪನಿಯ ಹತ್ತಿರ ಇದೆ, ಪರೀಕ್ಷೆ ಮಾಡಿದವರ ಹತ್ತಿರ ಇದೆ. ನಮಗೆ ತೋರಿಸಿದರಾಯಿತು.

ಇಂಧನ ದಕ್ಷತಾ ಬ್ಯೂರೋ ಟಯರಿಗೂ ನಕ್ಷತ್ರದ ಪಟ್ಟಿ ತಂದಿದೆ. ಅದು ವಿದ್ಯುತ್ ಸಚಿವಾಲಯದ ಕೈಕೆಳಗಿನ ಸಂಸ್ಥೆ, ಹಾಗಾಗಿ ಅದರ ಗಮನವೆಲ್ಲ ಇಂಧನ ಉಳಿತಾಯದ ಕಡೆ. ಸ್ವಇಚ್ಛೆಯ ಯೋಜನೆಯಾಗಿ ಶುರುವಾದ ಆ ಪಟ್ಟಿಯನ್ನು ಅಂಟಿಸಿದ ಟಯರನ್ನು ಅಂಕೋಲಾ-ಕಾರವಾರದ ಅಂಗಡಿಗಳಲ್ಲಿ ನಾನು ಈವರೆಗೆ ಕಂಡಿಲ್ಲ. ಫ್ರಿಜ್ಜು, ಫ್ಯಾನುಗಳ ನಕ್ಷತ್ರ ಎಣಿಸಲು ನಮ್ಮ ಮನೆಯ ಅಜ್ಜಿಯಂದಿರೂ ಕಲಿತಿದ್ದಾರೆ. ಟಯರಿನದ್ದನ್ನೂ ಕಲಿಯುತ್ತಾರೆ. ದಯವಿಟ್ಟು ಮಳೆಯ ದರ್ಜೆಯನ್ನು ಇಂಧನದ ನಕ್ಷತ್ರದೊಳಗೆ ಮುಳುಗಿಸದೆ ಬೇರೆಯಾಗಿ ಬರೆಸಿ. ರಾಜಸ್ಥಾನದವರಿಗೆ ಇಂಧನದ ದರ್ಜೆ ಮುಖ್ಯವಾಗಬಹುದು, ಕೇಣಿಯವರಿಗೆ ಮಳೆಯದ್ದು ಮುಖ್ಯ. ಯಾವುದು ಬೇಕೆಂದು ಅವರವರೇ ಆರಿಸಿಕೊಳ್ಳಲಿ.

ಸವೆದ ಟಯರಿನ ಮಾತು ಬೇರೆಯೇ ಹೇಳಬೇಕು. ಹೊಸ ಟಯರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ನಮ್ಮ ಕಾನೂನು 1.6 ಮಿ.ಮೀ.ಗೆ ಇಳಿಯುವ ತನಕ ಓಡಿಸಲು ಬಿಡುತ್ತದೆ. ಒಣ ರಸ್ತೆಯಲ್ಲಿ ಅದು ನಡೆದೀತು. ನೀರು ನಿಂತ ಹೆದ್ದಾರಿಯಲ್ಲಿ ಗೀರುಗಳೇ ಚರಂಡಿಗಳು, ಟಯರಿನ ಕೆಳಗಿನ ನೀರು ಅವುಗಳ ಮೂಲಕವೇ ಹೊರಹೋಗಬೇಕು. ಆಳ ಕಡಿಮೆಯಾದಷ್ಟೂ ನೀರು ಕೆಳಗೇ ಉಳಿದು, ಒಂದು ವೇಗ ದಾಟಿದೊಡನೆ ಟಯರ್ ರಸ್ತೆ ಬಿಟ್ಟು ನೀರಿನ ಮೇಲೆ ಜಾರುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕ್ ಇದ್ದೂ ಇಲ್ಲದ ಹಾಗೆ. ಗಾಳಿ ಕಡಿಮೆಯಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಮಾದರಿಯ ಕಾರ್ ಟಯರುಗಳನ್ನು ಸವೆದ ಸ್ಥಿತಿಯಲ್ಲೂ ಒದ್ದೆಯ ಹಿಡಿತಕ್ಕೆ ಪರೀಕ್ಷಿಸುತ್ತಿದ್ದಾರೆ. ದುಬಾರಿ ಟಯರಿನ ನಿಜವಾದ ಬೆಲೆ ತಿಳಿಯುವುದು ಎರಡನೆಯ, ಮೂರನೆಯ ಮಳೆಗಾಲದಲ್ಲಿ. ಆ ಪರೀಕ್ಷೆ ನಮಗೆ ಯುರೋಪಿನವರಿಗಿಂತ ಹೆಚ್ಚು ಬೇಕು.

ಎರಡೇ ಹೊಸ ಟಯರ್ ಕೊಳ್ಳುವವರು ಅವನ್ನು ಮುಂದಿನ ಚಕ್ರಕ್ಕೆ ಹಾಕಿಸುವುದು ನಮ್ಮಲ್ಲಿ ರೂಢಿ. ಟಯರ್ ಬಲ್ಲವರು ಹಿಂದಕ್ಕೆ ಹಾಕಿ ಎನ್ನುತ್ತಾರೆ. ಒದ್ದೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸರಿಪಡಿಸಲು ಸಾಮಾನ್ಯ ಚಾಲಕರಿಂದ ಆಗುವುದಿಲ್ಲ. ಇಂಥ ಮಾತನ್ನು ಪ್ರತಿ ಟಯರ್ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ರಸ್ತೆಯ ತಪ್ಪನ್ನು ಟಯರಿನ ಮೇಲೆ ಹಾಕುತ್ತಿದ್ದೀಯಾ ಎಂದು ನಮ್ಮ ಊರಿನವರು ನನ್ನನ್ನು ಕೇಳಬಹುದು. ಖಂಡಿತ ಇಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಚಹಾದಂಗಡಿಯನ್ನೂ ಅಲ್ಲಿ ನಿಂತವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ಅದರ ಚಾಲಕನ ಶವದೊಂದಿಗೆ ಮೇಲೆತ್ತಲು ಎರಡು ತಿಂಗಳ ಮೇಲಾಯಿತು. ಅವರು ನಮ್ಮ ಕಸುಬಿನವರು. ಅಲ್ಲಿ ಯಾವ ಟಯರೂ ಯಾರನ್ನೂ ಉಳಿಸುತ್ತಿರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 2022ರ ಜುಲೈ 20ರಂದು, ಹೆಸರು ಒಂದೇ ಆದ ಇನ್ನೊಂದು ಶಿರೂರಿನಲ್ಲಿ, ಬೈಂದೂರಿನ ಟೋಲ್ ಗೇಟಿನ ಎದುರು, ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ನೆನೆದ ರಸ್ತೆಯಲ್ಲಿ ಜಾರಿ ಮಗುಚಿ ನಾಲ್ವರು ತೀರಿಕೊಂಡರು. ಆ ವಾಹನದ ಟಯರ್ ಹೇಗಿತ್ತು ಎಂದು ನಾನು ಹೇಳಲಾರೆ, ದೂರುತ್ತಲೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದ ಕಾರಣ ಹೃದಯ ನೋವು ಬಂದವರು, ಹೆರಿಗೆ ಕಷ್ಟವಾದವರು ಮಳೆಯಲ್ಲೇ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೊರಡಬೇಕು. ಆಸ್ಪತ್ರೆಗಾಗಿ ನಾವು ಬೇರೆಯೇ ಹೋರಾಡುತ್ತಿದ್ದೇವೆ. ಅದು ಬರುವ ತನಕ ಆ ಜೀವಗಳು ನಾಲ್ಕು ಟಯರಿನ ಮೇಲೆ ಪ್ರಯಾಣ ಮಾಡುತ್ತವೆ. ರಸ್ತೆಯನ್ನು ನೀವು ಸರಿಪಡಿಸಲೇಬೇಕು, ನೀರು ನಿಲ್ಲುವ ಜಾಗಗಳಿಗೆ ಚರಂಡಿ ಕೊಡಲೇಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಟಯರಿನ ಪಟ್ಟಿಗೆ ಒಂದು ಅಧಿಸೂಚನೆ ಸಾಕು.

ಬೆಲೆ ಏರೀತು ಎಂದು ಕಂಪನಿಗಳು ಹೇಳಬಹುದು. 2025ರ ಸೆಪ್ಟೆಂಬರ್ 22ರಿಂದ ಕಾರ್ ಟಯರಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಒಂದು ಪಟ್ಟಿ ಅಚ್ಚು ಮಾಡಿಸುವ ಖರ್ಚು ಆ ಉಳಿತಾಯದಲ್ಲಿ ಎಲ್ಲೂ ಕಾಣಿಸದು. ಪರೀಕ್ಷೆಯಂತೂ ಈಗಾಗಲೇ ನಡೆಯುತ್ತಿದೆ. ರಬ್ಬರ್ ನಮ್ಮ ಸುಳ್ಯ-ಪುತ್ತೂರಿನ ತೋಟಗಳಲ್ಲಿ ಬೆಳೆಯುತ್ತದೆ, ಟಯರ್ ಮೈಸೂರಿನಲ್ಲಿ ತಯಾರಾಗುತ್ತದೆ. ಅದರ ಗುಣವನ್ನು ಕನ್ನಡದಲ್ಲಿ ಓದುವ ಹಕ್ಕು ಮಾತ್ರ ನಮಗೆ ಇನ್ನೂ ಬಂದಿಲ್ಲ.

ಹೊಸ ಕಾರು ಕೊಳ್ಳುವವರಿಗೂ ಇದು ಅನ್ವಯಿಸಬೇಕು. ಷೋರೂಮಿನಲ್ಲಿ ಕಾರಿನ ಬಣ್ಣ ನಾವು ಆರಿಸುತ್ತೇವೆ, ಟಯರನ್ನು ಕಂಪನಿ ಆರಿಸಿರುತ್ತದೆ. ಮೈಲೇಜ್ ಅಂಕಿ ಚೆನ್ನಾಗಿ ಬರಲೆಂದು ಉರುಳಲು ಹಗುರಾದ ಟಯರ್ ಹಾಕುವ ಆಸೆ ಅವರಿಗೆ ಸಹಜ. ಕಾರಿನ ಬೆಲೆಪಟ್ಟಿಯಲ್ಲೇ ಅದರ ಟಯರಿನ ಮಳೆಯ ದರ್ಜೆ ಇರಲಿ. 2020ರಲ್ಲಿ ನೀವು ಟ್ಯೂಬ್‌ಲೆಸ್ ಟಯರ್, ಗಾಳಿಯ ಒತ್ತಡ ತೋರಿಸುವ ಸಾಧನ, ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿರಿ. ಬದಿ ಸೀಳಿದ ಟಯರಿಗೆ ಆ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ಅರಬೈಲ್ ಘಟ್ಟದಲ್ಲಿ, ಫೋನ್ ಸಿಗ್ನಲ್ ಇಲ್ಲದ ತಿರುವಿನಲ್ಲಿ ಸ್ಟೆಪ್ನಿ ಇಲ್ಲದ ಕಾರಿನವರನ್ನು ನಾವು ಕಾಣುತ್ತಿದ್ದೇವೆ. ಆ ವಿನಾಯಿತಿಯನ್ನು ಘಟ್ಟದ ಕಣ್ಣಿನಿಂದ ಇನ್ನೊಮ್ಮೆ ಪರಿಶೀಲಿಸಿ ಎಂಬುದು ನನ್ನ ವಿನಂತಿ.

ಈ ರಸ್ತೆಗಳ ಮೇಲಿನ ಹೊರೆ ಇನ್ನೂ ಹೆಚ್ಚಬಹುದು. ಕೇಣಿಯಲ್ಲಿ ವಾಣಿಜ್ಯ ಬಂದರು ಕಟ್ಟುವ ಯೋಜನೆ ನಡೆದಿದೆ, ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ. ಆ ವಿಷಯದಲ್ಲಿ ನಾನು ನನ್ನ ಊರಿನವರ ಜತೆಗಿದ್ದೇನೆ. 2000ದ ದಶಕದಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಪಕ್ಕದ ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿದಾಗ ಹುಬ್ಬಳ್ಳಿ ರಸ್ತೆ ಏನಾಯಿತು ಎಂಬುದನ್ನು ನಾವು ಮರೆತಿಲ್ಲ. ಬಂದರು ಬರಲಿ ಬಿಡಲಿ, ಈ ರಸ್ತೆಗಳ ಮೇಲೆ ವಾಹನ ಹೆಚ್ಚುತ್ತಲೇ ಇದೆ.

ಆದ್ದರಿಂದ ಎಐಎಸ್-142ರ ಪರೀಕ್ಷೆಯ ಫಲಿತಾಂಶವನ್ನು ದರ್ಜೆಯಾಗಿ ಟಯರಿನ ಮೇಲೆ ಮತ್ತು ಬಿಲ್ಲಿನ ಮೇಲೆ ನಮೂದಿಸುವಂತೆ ಕರಡು ಅಧಿಸೂಚನೆ ಹೊರಡಿಸಿ, ಸಾರ್ವಜನಿಕರ ಆಕ್ಷೇಪಣೆ-ಸಲಹೆ ಕೇಳಿ. ಅದು ಪ್ರಕಟವಾದ ದಿನ ಅಂಕೋಲಾ, ಕಾರವಾರ, ಕುಮಟಾದ ಚಾಲಕರು ತಮ್ಮ ಅನುಭವವನ್ನು ಬರೆದು ಕಳಿಸುತ್ತಾರೆ. ಬರೆಯಲು ಬಾರದವರ ಪರವಾಗಿ ನಾನು ಬರೆದುಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕೇಣಿಯ ಒಬ್ಬ ಬಾಡಿಗೆ ಕಾರು ಚಾಲಕ
ಅಂಕೋಲಾ ತಾಲೂಕು, ಉತ್ತರ ಕನ್ನಡ