ಪ್ಲೈವುಡ್ ಕತ್ತರಿಸುವ ಮೊದಲು ಸ್ಪೀಕರ್ ಅಳೆಯೋಣ



ಸಭಾಭವನಕ್ಕೆ ಸ್ಪೀಕರ್ ಬಾಕ್ಸ್‌ಗಳನ್ನು ಈ ಸಲ ನಾವೇ ಮಾಡೋಣ ಎಂಬ ಮಾತು ನಮ್ಮ ಯುವ ಸಂಘದಲ್ಲಿ ಎದ್ದಿದೆ. ಒಳ್ಳೆಯದೇ. ಆದರೆ ಚರ್ಚೆಯೆಲ್ಲ ಎಷ್ಟು ವ್ಯಾಟ್, ಎಷ್ಟು ಇಂಚು, ಜಾಲಿಗೆ ಯಾವ ಬಣ್ಣ ಎಂಬಲ್ಲೇ ಸುತ್ತುತ್ತಿದೆ. ಡ್ರೈವರ್ ಅಂದರೆ ಕೋನ್, ಕಾಯಿಲ್, ಮ್ಯಾಗ್ನೆಟ್ ಸೇರಿದ ಭಾಗ. ಅದನ್ನು ಅಳೆಯದೆ ಒಂದು ಹಲಗೆಯನ್ನೂ ಕತ್ತರಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಹಣ ಮನೆಮನೆಯಿಂದ ಕೂಡಿಸಿದ್ದು. ಕೊನೆಯ ಸಾಲಿನ ಅಜ್ಜ ಅಜ್ಜಿಯರಿಗೆ ಮಾತು ಗುಂಯ್‌ಗುಡದೆ ಸ್ಪಷ್ಟವಾಗಿ ಕೇಳಬೇಕು.

ವ್ಯಾಟ್ ಹೇಳುವುದು ಡ್ರೈವರ್ ಎಷ್ಟು ವಿದ್ಯುತ್ತನ್ನು ತಡೆದುಕೊಳ್ಳಬಲ್ಲದು ಎಂಬುದನ್ನು ಮಾತ್ರ. ಅದಕ್ಕೆ ಎಷ್ಟು ಲೀಟರಿನ ಬಾಕ್ಸ್ ಬೇಕು, ಬಾಕ್ಸಿಗೆ ತೂತು ಬೇಕೋ ಬೇಡವೋ ಎಂದು ಹೇಳುವುದಿಲ್ಲ. ಅದನ್ನು ಹೇಳುವ ಸಂಖ್ಯೆಗಳಿಗೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಎಂದು ಹೆಸರು. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಲೇಖನವನ್ನು ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬೆಳೆಸಿದರು. ಅದಕ್ಕೂ ಮೊದಲು ತೂತಿನ ಬಾಕ್ಸ್ ಅಂದರೆ ಹೆಚ್ಚಾಗಿ ಮಾಡಿ ನೋಡು, ಕೆಡಿಸಿ ನೋಡು ಎಂಬ ಕೆಲಸ.

ಅಳೆಯಲು ದೊಡ್ಡ ಲ್ಯಾಬ್ ಬೇಡ. ಮಲ್ಟಿಮೀಟರ್, 100 ಓಮ್ ರೆಸಿಸ್ಟರ್, ಎರಡು ಚಾನೆಲ್ ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ, ಇಷ್ಟು ಸಾಕು. ಡ್ರೈವರನ್ನು ಗೋಡೆ, ಮೇಜುಗಳಿಂದ ದೂರ ಅಲುಗದಂತೆ ಹಿಡಿದಿಟ್ಟು ರೆಸಿಸ್ಟರ್ ಮೂಲಕ ಸಣ್ಣ ಸಿಗ್ನಲ್ ಕೊಟ್ಟರೆ ಪ್ರತಿರೋಧದ ಗೆರೆ ಪರದೆಯ ಮೇಲೆ ಮೂಡುತ್ತದೆ. ಒಂದು ಕಡೆ ಅದು ಗುಡ್ಡದಂತೆ ಏರುತ್ತದೆ. ಆ ತುದಿಯೇ ಡ್ರೈವರಿನ ಸಹಜ ಕಂಪನ.

ಪಿಯುಸಿ ಗಣಿತ ಇದ್ದವರಿಗೆ ಒಂದು ಲೆಕ್ಕ. ಮಲ್ಟಿಮೀಟರಿನಲ್ಲಿ ಕಾಯಿಲ್ 6 ಓಮ್ (8 ಓಮ್ ಎಂದು ಬರೆದದ್ದು ಇಷ್ಟೇ ತೋರಿಸುವುದು ಸಹಜ), ಗುಡ್ಡದ ತುದಿ 50 ಹರ್ಟ್ಜ್‌ನಲ್ಲಿ 54 ಓಮ್ ಅಂದುಕೊಳ್ಳಿ. 54ನ್ನು 6ರಿಂದ ಭಾಗಿಸಿದರೆ 9, ಅದರ ವರ್ಗಮೂಲ 3. ಈಗ 6ರ ಮೂರು ಪಟ್ಟು, ಅಂದರೆ 18 ಓಮ್, ಗುಡ್ಡದ ಎರಡೂ ಬದಿಯಲ್ಲಿ ಎಲ್ಲಿ ಬರುತ್ತದೆ ನೋಡಬೇಕು. 40 ಮತ್ತು 62.5 ಹರ್ಟ್ಜ್ ಬಂತೆನ್ನಿ. 50ನ್ನು 3ರಿಂದ ಗುಣಿಸಿ ಅಂತರ 22.5ರಿಂದ ಭಾಗಿಸಿದರೆ 6.67, ಇದು ಯಾಂತ್ರಿಕ ಕ್ಯೂ. ಅದನ್ನು 8ರಿಂದ (9ರಲ್ಲಿ 1 ಕಳೆದು) ಭಾಗಿಸಿದರೆ ವಿದ್ಯುತ್ ಕ್ಯೂ 0.83. ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಟ್ಟು ಕ್ಯೂ 0.74. ಇಂಥ ಡ್ರೈವರಿಗೆ ತೂತಿನ ಬಾಕ್ಸ್ ಕಟ್ಟಿದರೆ ಗುಂಯ್ ಎನ್ನುವುದೇ ಹೆಚ್ಚು. ದೊಡ್ಡ ಮುಚ್ಚಿದ ಬಾಕ್ಸ್ ಅಥವಾ ಹಿಂಬದಿ ತೆರೆದ ಹಲಗೆಯೇ ವಾಸಿ. ತೂತಿನ ಬಾಕ್ಸಿಗೆ 0.3ರಿಂದ 0.4ರ ಆಸುಪಾಸಿನದು ಒಗ್ಗುತ್ತದೆ.

ಲೀಟರ್ ಲೆಕ್ಕಕ್ಕೆ ಇನ್ನೊಂದು ಅಳತೆ ಬೇಕು. ಕೋನ್ ಮೇಲೆ ತೂಗಿದ ಜೇಡಿಮಣ್ಣು ಅಂಟಿಸಿ ಕಂಪನ ಎಷ್ಟು ಇಳಿಯಿತೆಂದು ನೋಡುವುದು. ನಾಣ್ಯ ಬೇಡ, ಸ್ಟೀಲ್ ನಾಣ್ಯವನ್ನು ಮ್ಯಾಗ್ನೆಟ್ ಎಳೆಯುತ್ತದೆ.

"ಕಿವಿ ಇರುವಾಗ ಇದೆಲ್ಲ ಯಾಕೆ?" ಎನ್ನುವ ಗೆಳೆಯರಿದ್ದಾರೆ. ಕೊನೆಯ ತೀರ್ಪು ಕಿವಿಯದ್ದೇ, ಒಪ್ಪುತ್ತೇವೆ. ಆದರೆ ಕಿವಿ ತೀರ್ಪು ಕೊಡುವ ಹೊತ್ತಿಗೆ ಪ್ಲೈವುಡ್ ಕತ್ತರಿಸಿ ಅಂಟು ಒಣಗಿರುತ್ತದೆ. ಕಂಪನಿಯ ಹಾಳೆ ಇದ್ದರೆ ಸಾಲದೇ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ನಮ್ಮ ಕಾಸರಗೋಡಿನ ಕಡೆ ಅಗ್ಗಕ್ಕೆ ಸಿಗುವ ಎಷ್ಟೋ ಡ್ರೈವರ್‌ಗಳ ಜೊತೆ ಹಾಳೆಯೇ ಇರುವುದಿಲ್ಲ. ಹಾಳೆ ಇದ್ದರೂ ಒಂದೇ ಮಾದರಿಯ ಎರಡು ತುಣುಕುಗಳು ಸರಿಸಮ ಇರುವುದಿಲ್ಲ. ಕಾಗದದ ಕೋನ್ ಮಳೆಗಾಲದ ತೇವ ಹೀರಿ ಭಾರವಾಗುತ್ತದೆ ಬೇರೆ.

ಆದ್ದರಿಂದ ನಮ್ಮ ಸಲಹೆ ಇಷ್ಟು: ಮೊದಲು ಡ್ರೈವರ್ ಮಾತ್ರ ಕೊಳ್ಳೋಣ. ಕೆಲವು ಗಂಟೆ ನುಡಿಸಿ ಸಡಿಲವಾದ ಮೇಲೆ ಒಂದೊಂದನ್ನೂ ಎರಡೆರಡು ಸಲ ಅಳೆದು, ಸಂಖ್ಯೆಯನ್ನು ಮ್ಯಾಗ್ನೆಟ್ಟಿನ ಹಿಂದೆ ಮಾರ್ಕರಿನಲ್ಲಿ ಬರೆಯೋಣ. ಮರದ ಅಂಗಡಿಗೆ ಹೋಗುವುದು ಆಮೇಲೆ.